ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಪ್ರಯಾಣದ ಸಮಯ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಎಷ್ಟು ದೂರ ಎಂದು ಹುಡುಕಿದರೆ ಒಂದು ಕಡೆ 248 ಕಿ.ಮೀ. ಎಂದಿರುತ್ತದೆ, ಇನ್ನೊಂದು ಕಡೆ 271, ಮತ್ತೊಂದು ಕಡೆ 300ರ ಆಸುಪಾಸು. ಮೊದಲನೆಯದು ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಎಳೆದ ಗೆರೆ. ಎರಡನೆಯದು ಹಳೆಯ ಎಚ್‌ಎಎಲ್ ನಿಲ್ದಾಣದ್ದು. ಮೂರನೆಯದು ರಸ್ತೆಯ ದೂರ. ಪ್ರಯಾಣದ ಸಮಯದ್ದೂ ಇದೇ ಕಥೆ: ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ 20 ನಿಮಿಷ ಬರುತ್ತದೆ, ಟಿಕೆಟ್ಟಿನಲ್ಲಿ ಒಂದು ಗಂಟೆ ಇರುತ್ತದೆ, ಮನೆಯಿಂದ ಹೊರಟು ಬೆಂಗಳೂರಿನ ಮನೆ ಮುಟ್ಟುವ ಹೊತ್ತಿಗೆ ಐದು ಗಂಟೆ ಆಗಿರುತ್ತದೆ. ಈ ಅಂಕಿಗಳು ಎಲ್ಲಿಂದ ಬರುತ್ತವೆ, ನಿಮ್ಮ ಪ್ರಯಾಣಕ್ಕೆ ಯಾವುದನ್ನು ಹಿಡಿಯಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ. ಒಂದು ಕಾಗದ, ಮೊಬೈಲಿನ ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು.

ಹಂತ 1: ಊರಿನ ಹೆಸರು ಬಿಡಿ, ನಿಲ್ದಾಣದ ಕೋಡ್ ಹಿಡಿಯಿರಿ

ದೂರದ ಲೆಕ್ಕ ಕೆಡುವುದು ಬಹುಮಟ್ಟಿಗೆ ಇಲ್ಲಿಯೇ. ಪ್ರತಿ ನಿಲ್ದಾಣಕ್ಕೂ ಮೂರು ಅಕ್ಷರದ ಕೋಡ್ ಇದೆ. ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ನಿಲ್ದಾಣದ ಕೋಡ್ ವಿಡಿವೈ. ಬಳ್ಳಾರಿ ಊರಿನ ಹಳೆಯ ನಿಲ್ದಾಣದ್ದು ಬಿಇಪಿ. ಹುಡುಕಾಟದಲ್ಲಿ 'ಬಳ್ಳಾರಿ' ಎಂದಷ್ಟೇ ಕೊಟ್ಟರೆ ಕೆಲವು ಜಾಲತಾಣಗಳು ಹಳೆಯ ನಿಲ್ದಾಣದಿಂದಲೋ ಊರಿನ ನಡುವಿನಿಂದಲೋ ಅಳೆದು ತೋರಿಸುತ್ತವೆ.

ಹೈದರಾಬಾದಿಗೂ ಇದೇ ತೊಂದರೆ. 2008ರ ಮಾರ್ಚ್‌ನಲ್ಲಿ ಶಂಷಾಬಾದ್ ನಿಲ್ದಾಣ ಶುರುವಾದ ಮೇಲೆ ಸಾರ್ವಜನಿಕ ವಿಮಾನಗಳೆಲ್ಲ ಬೇಗಂಪೇಟೆ ಬಿಟ್ಟು ಅಲ್ಲಿಗೆ ಹೋದವು. ಶಂಷಾಬಾದಿನ ಕೋಡ್ ಎಚ್‌ವೈಡಿ, ಬೇಗಂಪೇಟೆಯದು ಬಿಪಿಎಂ. ಹಳೆಯ ಮಾಹಿತಿ ಇಟ್ಟುಕೊಂಡ ತಾಣ ಬೇಗಂಪೇಟೆಗೆ ಅಳೆದರೆ ವಿದ್ಯಾನಗರದಿಂದ ಸುಮಾರು 20 ಕಿ.ಮೀ. ಹೆಚ್ಚು ತೋರಿಸುತ್ತದೆ. ಗೋವಾಕ್ಕೆ ಈಗ ಎರಡು ನಿಲ್ದಾಣಗಳಿವೆ: ದಾಬೋಳಿಯದು ಜಿಒಐ, 2023ರ ಜನವರಿಯಲ್ಲಿ ಶುರುವಾದ ಮೋಪಾದ್ದು ಜಿಒಎಕ್ಸ್. ಗೋವಾದ ವಿಷಯದಲ್ಲಿ ಎಡವಟ್ಟಾದರೆ ಬರೀ ಲೆಕ್ಕ ತಪ್ಪುವುದಿಲ್ಲ, ನೀವು ಇಳಿಯುವ ಜಿಲ್ಲೆಯೇ ಬದಲಾಗುತ್ತದೆ. ಟಿಕೆಟ್ ಮೇಲಿರುವ ಕೋಡ್ ನೋಡಿಯೇ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ

ಗೂಗಲ್ ಮ್ಯಾಪ್ಸ್‌ನಲ್ಲಿ ನಿಲ್ದಾಣದ ರನ್‌ವೇ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲಿನದು ಅಕ್ಷಾಂಶ, ಎರಡನೆಯದು ರೇಖಾಂಶ. ನಮಗೆ ಬೇಕಾದವು ಇವು:

ವಿದ್ಯಾನಗರ: 15.18, 76.63
ಬೆಂಗಳೂರು ಕೆಂಪೇಗೌಡ: 13.20, 77.71
ಹೈದರಾಬಾದ್ ಶಂಷಾಬಾದ್: 17.23, 78.43
ಹುಬ್ಬಳ್ಳಿ: 15.36, 75.08
ಕಲಬುರಗಿ: 17.31, 76.96
ದೆಹಲಿ: 28.57, 77.10

ಕೆಲವು ಪಟ್ಟಿಗಳಲ್ಲಿ ಇದೇ ಅಂಕಿ ಡಿಗ್ರಿ, ಮಿನಿಟು, ಸೆಕೆಂಡ್ ರೂಪದಲ್ಲಿರುತ್ತದೆ. ವಿದ್ಯಾನಗರದ ಅಕ್ಷಾಂಶ ಅಲ್ಲಿ 15 ಡಿಗ್ರಿ 10 ಮಿನಿಟು 30 ಸೆಕೆಂಡ್. ಇದನ್ನು 15.10 ಎಂದು ಬರೆದುಕೊಳ್ಳಬೇಡಿ. ಒಂದು ಡಿಗ್ರಿಗೆ 60 ಮಿನಿಟು. ಹಾಗಾಗಿ 10ನ್ನು 60ರಿಂದಲೂ 30ನ್ನು 3600ರಿಂದಲೂ ಭಾಗಿಸಿ ಕೂಡಿದರೆ 15.175 ಬರುತ್ತದೆ. ಇಲ್ಲಿ ತಪ್ಪಿದರೆ ಸುಮಾರು 8 ಕಿ.ಮೀ. ವ್ಯತ್ಯಾಸ. ಹೈದರಾಬಾದಿನ 78 ಡಿಗ್ರಿ 26 ಮಿನಿಟನ್ನು 78.26 ಎಂದುಕೊಂಡರೆ 18 ಕಿ.ಮೀ.

ಹಂತ 3: ಹತ್ತಿರದ ನಿಲ್ದಾಣಕ್ಕೆ ಸುಲಭ ಲೆಕ್ಕ

ಸಾವಿರ ಕಿಲೋಮೀಟರಿನ ಒಳಗಿನ ದೂರಕ್ಕೆ ಭೂಮಿಯನ್ನು ಚಪ್ಪಟೆ ಎಂದುಕೊಂಡರೂ ನಡೆಯುತ್ತದೆ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಒಂದು ಡಿಗ್ರಿ ರೇಖಾಂಶದ ಅಳತೆ ಮಾತ್ರ ಎಲ್ಲ ಕಡೆ ಒಂದೇ ಇಲ್ಲ, ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ. ನಮ್ಮ ಭಾಗದಲ್ಲಿ ಅದು ಸುಮಾರು 107 ಕಿ.ಮೀ., ದೆಹಲಿಯ ಹತ್ತಿರ 98.

ವಿದ್ಯಾನಗರದಿಂದ ಬೆಂಗಳೂರು: ಅಕ್ಷಾಂಶದ ವ್ಯತ್ಯಾಸ 1.98, ಅದನ್ನು 111ರಿಂದ ಗುಣಿಸಿದರೆ 219.8. ರೇಖಾಂಶದ ವ್ಯತ್ಯಾಸ 1.08, ಅದನ್ನು 107ರಿಂದ ಗುಣಿಸಿದರೆ 115.6. ಇನ್ನು ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ: ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 248 ಕಿ.ಮೀ. ಹೈದರಾಬಾದಿಗೆ ಹೀಗೆಯೇ ಮಾಡಿದರೆ 227.6 ಮತ್ತು 192.6, ದೂರ 298 ಕಿ.ಮೀ.

ವಿಮಾನದವರು ಲೆಕ್ಕ ಇಡುವುದು ನಾಟಿಕಲ್ ಮೈಲಿನಲ್ಲಿ. ಒಂದು ನಾಟಿಕಲ್ ಮೈಲು ಎಂದರೆ 1.852 ಕಿ.ಮೀ. ಆದ್ದರಿಂದ ಬೆಂಗಳೂರಿಗೆ 134, ಹೈದರಾಬಾದಿಗೆ 161. ವಿದೇಶಿ ತಾಣಗಳು ತೋರಿಸುವ ಸಾಮಾನ್ಯ ಮೈಲು ಬೇರೆ, ಅದು 1.609 ಕಿ.ಮೀ. ಬರೀ 'ಮೈಲು' ಎಂದಿದ್ದರೆ ಯಾವ ಮೈಲು ಎಂದು ನೋಡಿಕೊಳ್ಳಿ.

ಲೆಕ್ಕ ಬೇಡ ಎನ್ನುವವರು ಕಂಪ್ಯೂಟರಿನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ಒಂದು ರನ್‌ವೇ ಮೇಲೆ ಮೌಸಿನ ಬಲಗುಂಡಿ ಒತ್ತಿ, ದೂರ ಅಳೆಯುವ ಆಯ್ಕೆ ಹಿಡಿದು, ಇನ್ನೊಂದು ರನ್‌ವೇ ಮೇಲೆ ಒತ್ತಬಹುದು. ಉತ್ತರ ಅದೇ ಬರುತ್ತದೆ. ಆದರೂ ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡಿ. ಆಮೇಲೆ ಯಾವ ತಾಣ ತಪ್ಪು ಅಂಕಿ ಕೊಟ್ಟರೂ ಕಣ್ಣಿಗೆ ಬೀಳುತ್ತದೆ.

ಹಂತ 4: ದೂರದ ದೇಶಕ್ಕೆ ಗೋಳದ ಲೆಕ್ಕ

ಅಮೆರಿಕ, ಯುರೋಪಿನಷ್ಟು ದೂರಕ್ಕೆ ಚಪ್ಪಟೆ ಲೆಕ್ಕ ಪೂರಾ ಕೈಕೊಡುತ್ತದೆ. ಅಲ್ಲಿ ಗೋಳದ ಮೇಲಿನ ಅತಿ ಕಡಿಮೆ ದೂರ ಬೇಕು. ಸೂತ್ರ ಹೀಗಿದೆ (ಸೈನ್, ಕಾಸ್, ಆರ್ಕ್‌ಕಾಸ್ ಎಂಬವು ವೈಜ್ಞಾನಿಕ ಕ್ಯಾಲ್ಕ್ಯುಲೇಟರಿನ sin, cos, cos⁻¹ ಗುಂಡಿಗಳು): ಎರಡೂ ಅಕ್ಷಾಂಶಗಳ ಸೈನ್ ಗುಣಿಸಿ ಇಟ್ಟುಕೊಳ್ಳಿ. ಎರಡೂ ಅಕ್ಷಾಂಶಗಳ ಕಾಸ್ ಗುಣಿಸಿ, ಅದನ್ನು ರೇಖಾಂಶ ವ್ಯತ್ಯಾಸದ ಕಾಸ್‌ನಿಂದ ಮತ್ತೆ ಗುಣಿಸಿ. ಎರಡು ಉತ್ತರಗಳನ್ನೂ ಕೂಡಿ, ಆ ಮೊತ್ತದ ಆರ್ಕ್‌ಕಾಸ್ ತೆಗೆಯಿರಿ. ಡಿಗ್ರಿಯಲ್ಲಿ ಬರುವ ಆ ಕೋನವನ್ನು 111.2ರಿಂದ ಗುಣಿಸಿದರೆ ಕಿಲೋಮೀಟರ್.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಮಾಡಿ ನೋಡಿ. ಅಲ್ಲಿನ ಅಕ್ಷಾಂಶ 37.62 ಉತ್ತರ, ರೇಖಾಂಶ 122.38 ಪಶ್ಚಿಮ. ನಮ್ಮದು ಪೂರ್ವ ರೇಖಾಂಶ, ಅವರದು ಪಶ್ಚಿಮ. ಆದ್ದರಿಂದ ಕಳೆಯುವಂತಿಲ್ಲ, ಕೂಡಬೇಕು. 77.71 ಮತ್ತು 122.38 ಸೇರಿ 200.09. ಇದು 180ಕ್ಕಿಂತ ಹೆಚ್ಚಾದ್ದರಿಂದ 360ರಲ್ಲಿ ಕಳೆದರೆ 159.91. ಕೋನ 125.8 ಡಿಗ್ರಿ, ದೂರ ಸುಮಾರು 13,990 ಕಿ.ಮೀ. ಇದೇ ಜೋಡಿಗೆ ಚಪ್ಪಟೆ ಲೆಕ್ಕ ಹಾಕಿದರೆ 16,300 ಬರುತ್ತದೆ, ಅಂದರೆ 2,300 ಕಿ.ಮೀ. ತಪ್ಪು. ಗೋಡೆಯ ಭೂಪಟದಲ್ಲಿ ನೇರವಾಗಿ ಕಾಣುವ ಗೆರೆ ನಿಜವಾಗಿ ಬಳಸುದಾರಿ. ನಿಜವಾದ ಹತ್ತಿರದ ದಾರಿ ಉತ್ತರ ಧ್ರುವದ ಕಡೆಗೆ ಬಾಗಿ ಆರ್ಕ್ಟಿಕ್ ಪ್ರದೇಶದ ಮೂಲಕ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಶುರು ಮಾಡಿದ ನೇರ ವಿಮಾನದ ಮೊದಲ ಹಾರಾಟ ಧ್ರುವದ ಮೇಲೆಯೇ ಬಂತು.

ಉತ್ತರ ಅಸಂಬದ್ಧವಾಗಿ ಬಂದರೆ ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿದೆ (ಕೋನ ಅಳೆಯುವ ಇನ್ನೊಂದು ಮಾನ) ಎಂದು ತಿಳಿಯಿರಿ. ಅದನ್ನು ಡಿಗ್ರಿಗೆ ಬದಲಿಸಿ. ಎಕ್ಸೆಲ್ ಮತ್ತು ಗೂಗಲ್ ಶೀಟ್ಸ್ ಯಾವಾಗಲೂ ರೇಡಿಯನ್ ಲೆಕ್ಕವನ್ನೇ ಹಿಡಿಯುವುದರಿಂದ ಅಲ್ಲಿ ಪ್ರತಿ ಕೋನವನ್ನೂ ಮೊದಲು ರೇಡಿಯನ್‌ಗೆ ಪರಿವರ್ತಿಸಿ ಕೊಡಬೇಕು, ಬಂದ ಉತ್ತರವನ್ನು ಮತ್ತೆ ಡಿಗ್ರಿಗೆ ತರಬೇಕು.

ಹಂತ 5: ಗೆರೆಯ ದೂರಕ್ಕೆ ಸುತ್ತು ಸೇರಿಸಿ

ವಿಮಾನ ಗೆರೆ ಎಳೆದಂತೆ ಹಾರುವುದಿಲ್ಲ. ಹೊರಡುವಾಗ ಗಾಳಿಗೆ ಎದುರಾಗಿ ಏರಬೇಕು, ನಿಗದಿಯಾದ ವಾಯುಮಾರ್ಗ ಹಿಡಿಯಬೇಕು, ಇಳಿಯುವಾಗ ಸರದಿಯಲ್ಲಿ ಬರಬೇಕು. 300 ಕಿ.ಮೀ. ಒಳಗಿನ ಹಾರಾಟಕ್ಕೆ ನೂರಕ್ಕೆ 10, ಸಾವಿರ ದಾಟಿದರೆ ನೂರಕ್ಕೆ 5 ಸೇರಿಸುವುದು ಒಳ್ಳೆಯ ಅಂದಾಜು.

ನಮ್ಮ ಭಾಗದಿಂದ ಬೆಂಗಳೂರಿಗೆ ಹೋಗುವವರು ಒಂದು ವಿಷಯ ಗಮನಿಸಬೇಕು. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ವಿಮಾನ ಇಳಿಯುವುದು ಗಾಳಿಗೆ ಮುಖ ಮಾಡಿ. ಚಳಿಗಾಲದಲ್ಲಿ ಪೂರ್ವದ ಗಾಳಿ ಇದ್ದಾಗ ವಿಮಾನಗಳು ಪಶ್ಚಿಮದಿಂದ ಬಂದು ಇಳಿಯುತ್ತವೆ. ವಾಯವ್ಯದಿಂದ ಬರುವ ನಮಗೆ ಅದು ದಾರಿಯಲ್ಲೇ ಸಿಗುತ್ತದೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಆಗ ನಿಲ್ದಾಣ ಕಿಟಕಿಯಲ್ಲಿ ಕಂಡರೂ ವಿಮಾನ ಅದನ್ನು ದಾಟಿ ಪೂರ್ವಕ್ಕೆ ಹೋಗಿ ತಿರುಗಿ ಬರಬೇಕು. ಜುಲೈನಲ್ಲಿ ಕೆಲವು ನಿಮಿಷ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ.

ಹಂತ 6: ಹಾರಾಟದ ಸಮಯ ಅಂದಾಜು ಮಾಡಿ

ಟಿಕೆಟ್ಟಿನ ಮೇಲಿನ ಸಮಯಕ್ಕೆ ಬ್ಲಾಕ್ ಟೈಮ್ ಎನ್ನುತ್ತಾರೆ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನ ಹೊತ್ತು ಅದು. ಗಾಲಿ ನೆಲ ಬಿಟ್ಟ ಹೊತ್ತಲ್ಲ. ಆದ್ದರಿಂದ ಲೆಕ್ಕದಲ್ಲಿ ಎರಡು ಭಾಗ ಇರಬೇಕು: ನೆಲದ ಮೇಲಿನ ಓಡಾಟ, ಏರುವುದು, ಇಳಿಯುವುದು ಸೇರಿ ಒಂದು ನಿಗದಿ ಹೊತ್ತು, ಉಳಿದದ್ದು ದೂರಕ್ಕೆ ತಕ್ಕ ಹೊತ್ತು.

ಎಟಿಆರ್ 72ರಂಥ ಪಂಖದ ವಿಮಾನಕ್ಕೆ 25 ನಿಮಿಷ ನಿಗದಿ ಇಟ್ಟು, ಗಂಟೆಗೆ 480 ಕಿ.ಮೀ. ವೇಗ ಹಿಡಿಯಿರಿ. ಏರ್‌ಬಸ್ 320ರಂಥ ಜೆಟ್‌ಗೆ ದೊಡ್ಡ ನಿಲ್ದಾಣಗಳ ನಡುವೆ 35 ನಿಮಿಷ ನಿಗದಿ, ಗಂಟೆಗೆ 830 ಕಿ.ಮೀ. ಎಂಬ್ರೇಯರ್ 175ರಂಥ ಸಣ್ಣ ಜೆಟ್ 300 ಕಿ.ಮೀ. ಒಳಗಿನ ದಾರಿಯಲ್ಲಿ ಪೂರ್ತಿ ವೇಗ ಮುಟ್ಟುವುದೇ ಇಲ್ಲ, ಅದಕ್ಕೆ 30 ನಿಮಿಷ ನಿಗದಿ, 750 ಕಿ.ಮೀ. ಸಾಕು.

ವಿದ್ಯಾನಗರ-ಬೆಂಗಳೂರು 248ಕ್ಕೆ ನೂರಕ್ಕೆ 10 ಸೇರಿಸಿದರೆ 273. ಎಟಿಆರ್‌ಗೆ 34 ಮತ್ತು 25, ಒಟ್ಟು 59 ನಿಮಿಷ. ಸಣ್ಣ ಜೆಟ್‌ಗೆ 22 ಮತ್ತು 30, ಒಟ್ಟು 52. ಜೆಟ್ ಎಂದು ಹೆಚ್ಚು ದುಡ್ಡು ಕೊಟ್ಟರೂ ಉಳಿಯುವುದು ಏಳು ನಿಮಿಷ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ಮಿತಿ ಇರುತ್ತದೆ. ಹಾಗಾಗಿ ಇಷ್ಟು ಚಿಕ್ಕ ದಾರಿಯಲ್ಲಿ ಜೆಟ್‌ಗೂ ಓಡಲು ಜಾಗವಿಲ್ಲ.

ಬೆಂಗಳೂರು-ದೆಹಲಿ 1,710 ಕಿ.ಮೀ. ಸುತ್ತು ಸೇರಿ 1,796. ಅದಕ್ಕೆ 2 ಗಂಟೆ 10 ನಿಮಿಷ, 35 ಕೂಡಿದರೆ 2 ಗಂಟೆ 45 ನಿಮಿಷ. ಹೈದರಾಬಾದ್-ದೆಹಲಿ 1,268 ಕಿ.ಮೀ.ಗೆ ಇದೇ ರೀತಿ 2 ಗಂಟೆ 11 ನಿಮಿಷ.

ಅಂದಾಜನ್ನು ನಿಜದೊಂದಿಗೆ ಹೋಲಿಸಲು, ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರಾಡಾರ್24 ಜಾಲತಾಣದಲ್ಲಿ ವಿಮಾನದ ಸಂಖ್ಯೆ ಹಾಕಿ ಹಿಂದಿನ ದಿನಗಳ ದಾಖಲೆ ನೋಡಿ. ಅಲ್ಲಿ ಕಾಣುವ ಹಾರಾಟದ ಸಮಯ ನೆಲ ಬಿಟ್ಟು ನೆಲ ಮುಟ್ಟುವವರೆಗಿನದು, ಬ್ಲಾಕ್ ಟೈಮ್‌ಗಿಂತ ಕಡಿಮೆಯೇ ಇರುತ್ತದೆ. ನಿಮಗೆ ಬೇಕಾದದ್ದು ನಿಗದಿತ ಹೊತ್ತಿಗೂ ನಿಜವಾಗಿ ತಲುಪಿದ ಹೊತ್ತಿಗೂ ಇರುವ ಅಂತರ. ವಾರದಲ್ಲಿ ಮೂರು ದಿನ ಮುಕ್ಕಾಲು ಗಂಟೆ ತಡವಾಗುವ ವಿಮಾನವನ್ನು ಮುಂದಿನ ವಿಮಾನಕ್ಕೆ ಜೋಡಿಸುವಾಗ ಎರಡು ಸಲ ಯೋಚಿಸಿ.

ಹಂತ 7: ಗಾಳಿಯ ಲೆಕ್ಕ, ಗಡಿಯಾರದ ಲೆಕ್ಕ

ದುಬೈಗೆ ಹೋಗಲು ನಾಲ್ಕು ಗಂಟೆ, ಬರಲು ಮೂರೂವರೆ ಏಕೆ ಎಂಬ ಪ್ರಶ್ನೆಗೆ ಉತ್ತರ ಗಾಳಿ. ಹೈದರಾಬಾದ್-ದುಬೈ ಗೆರೆಯ ದೂರ 2,547 ಕಿ.ಮೀ., ಸುತ್ತು ಸೇರಿ 2,674. ಗಾಳಿ ಇಲ್ಲದಿದ್ದರೆ 3 ಗಂಟೆ 48 ನಿಮಿಷ. ಚಳಿಗಾಲದಲ್ಲಿ ಆ ದಾರಿಯ ಉತ್ತರ ಭಾಗದಲ್ಲಿ ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಗಂಟೆಗೆ 80 ಕಿ.ಮೀ. ಎದುರುಗಾಳಿ ಇದ್ದರೆ ನೆಲಕ್ಕೆ ಹೋಲಿಸಿದ ವೇಗ 750ಕ್ಕೆ ಇಳಿದು 4 ಗಂಟೆ 9 ನಿಮಿಷ ಆಗುತ್ತದೆ. ಬರುವಾಗ ಅದೇ ಗಾಳಿ ಬೆನ್ನಿಗಿದ್ದು ವೇಗ 910, ಸಮಯ 3 ಗಂಟೆ 31 ನಿಮಿಷ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ ತುಂಬ ಎತ್ತರದಲ್ಲಿ ಪೂರ್ವದಿಂದ ಬೀಸುವ ಬಲವಾದ ಗಾಳಿ ಇರುತ್ತದೆ. ಆಗ ಈ ಅಂತರ ಕುಗ್ಗುತ್ತದೆ.

ಗಡಿಯಾರದ ಲೆಕ್ಕ ಇದಕ್ಕಿಂತ ಬೇರೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಹೊರಟು ನಾಲ್ಕು ಗಂಟೆ ಹಾರಿದರೆ ಅಲ್ಲಿನ ಗಡಿಯಾರದಲ್ಲಿ 12:30. ಅದನ್ನು ನೋಡಿ ಎರಡೂವರೆ ಗಂಟೆಯ ಪ್ರಯಾಣ ಎಂದುಕೊಳ್ಳುವವರಿದ್ದಾರೆ.

ತಾರೀಖಿನ ತಪ್ಪು ಇದಕ್ಕಿಂತ ದುಬಾರಿ. 15ನೇ ತಾರೀಖು 00:30 ಎಂದಿದ್ದರೆ ಅದು 14ರ ರಾತ್ರಿ ಊಟವಾದ ಮೇಲಿನ ಹೊತ್ತು. ರಾಯಚೂರಿನಿಂದ ನೀವು 14ರ ಮಧ್ಯಾಹ್ನವೇ ಬಿಟ್ಟಿರಬೇಕು. 15ರ ಸಂಜೆ ಬಸ್ಸಿಗೆ ಹತ್ತಿದವರಿಗೆ ವಿಮಾನ ತಪ್ಪಿ ಹೆಚ್ಚು ಕಡಿಮೆ ಒಂದು ದಿನವೇ ಆಗಿರುತ್ತದೆ. ಗಲ್ಫ್ ಕಡೆಗೆ ಮಧ್ಯರಾತ್ರಿಯ ವಿಮಾನಗಳೇ ಹೆಚ್ಚು. ಮನೆಯಲ್ಲಿ ಯಾರಾದರೂ ಮೊದಲ ಸಲ ಹೋಗುತ್ತಿದ್ದರೆ ಅವರ ಟಿಕೆಟ್ ತೆಗೆದು ಈ ಒಂದು ಅಂಕಿಯನ್ನು ಅವರೊಂದಿಗೆ ಕೂತು ನೋಡಿ.

ಹಂತ 8: ಮನೆಯಿಂದ ಮನೆಗೆ ಕೂಡಿ ನೋಡಿ

ಬಳ್ಳಾರಿಯಿಂದ ದೆಹಲಿಗೆ ಮೂರು ದಾರಿ ಹೋಲಿಸೋಣ. ವಿದ್ಯಾನಗರದಿಂದ ದೆಹಲಿಗೆ ನೇರ ಗೆರೆ ಎಳೆದರೆ ಸುಮಾರು 1,490 ಕಿ.ಮೀ. ಬೆಂಗಳೂರಿನ ಮೇಲೆ ಹೋದರೆ 248 ಮತ್ತು 1,710 ಸೇರಿ 1,958. ಹೈದರಾಬಾದಿನ ಮೇಲೆ ಹೋದರೆ 298 ಮತ್ತು 1,268 ಸೇರಿ 1,566. ಉತ್ತರಕ್ಕೆ ಹೋಗಬೇಕಾದವರು ಬೆಂಗಳೂರು ಹಿಡಿದರೆ ಮೊದಲು ದಕ್ಷಿಣಕ್ಕೆ ಇಳಿದು, ಬಂದ ದಾರಿಯನ್ನೇ ಮತ್ತೆ ಏರಿದಂತೆ. ವ್ಯತ್ಯಾಸ 392 ಕಿ.ಮೀ.

ಹೈದರಾಬಾದಿನ ದಾರಿ: ಮನೆಯಿಂದ ವಿದ್ಯಾನಗರಕ್ಕೆ 1 ಗಂಟೆ, ನಿಲ್ದಾಣದಲ್ಲಿ 1 ಗಂಟೆ 20 ನಿಮಿಷ, ಎಟಿಆರ್ ಹಾರಾಟ 1 ಗಂಟೆ 6 ನಿಮಿಷ, ನಡುವೆ ಎರಡೂವರೆ ಗಂಟೆ, ದೆಹಲಿಗೆ 2 ಗಂಟೆ 11 ನಿಮಿಷ, ಬ್ಯಾಗ್ ಹಿಡಿದು ಹೊರಬರಲು 40 ನಿಮಿಷ. ಒಟ್ಟು 8 ಗಂಟೆ 47 ನಿಮಿಷ. ಬೆಂಗಳೂರಿನ ದಾರಿಗೆ ಹೀಗೆಯೇ ಕೂಡಿದರೆ 9 ಗಂಟೆ 14 ನಿಮಿಷ. ಕಾರಿನಲ್ಲಿ ದೇವನಹಳ್ಳಿಗೆ ಹೋಗಿ ವಿಮಾನ ಹತ್ತಿದರೆ 11 ಗಂಟೆಯ ಹತ್ತಿರ. ಎಂಟೂಮುಕ್ಕಾಲು ಗಂಟೆಯ ಪ್ರಯಾಣದಲ್ಲಿ ವಿಮಾನದೊಳಗೆ ಇರುವುದು ಮೂರೂಕಾಲು ಗಂಟೆ ಮಾತ್ರ. ಉಳಿದದ್ದು ರಸ್ತೆ ಮತ್ತು ಕಾಯುವುದು. ಹಾಗಾಗಿ ಸಮಯ ಉಳಿಸಲು ನೋಡಬೇಕಾದ ಜಾಗ ನಡುವಿನ ಕಾಯುವಿಕೆ. ಅದು ಐದು ಗಂಟೆ ಇದ್ದರೆ ಕಾರಿನ ದಾರಿಯೂ ಅದೂ ಸಮ.

ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ಬಳ್ಳಾರಿಯಿಂದ ಅನಂತಪುರಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಸುಮಾರು 280 ಕಿ.ಮೀ.ಗೆ, ಬೆಂಗಳೂರಿನ ಒಳಗೆ ಕಾಲಿಡದೆಯೇ ನಿಲ್ದಾಣ ಸಿಗುತ್ತದೆ. ಹಿರಿಯೂರು, ತುಮಕೂರಿನ ಮೇಲೆ ಹೋದರೆ ನಗರದ ಅಂಚಿನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುತ್ತೀರಿ.

ಕೊಪ್ಪಳದವರಿಗೆ ವಿದ್ಯಾನಗರ 65 ಕಿ.ಮೀ. ಆಸುಪಾಸು, ಹುಬ್ಬಳ್ಳಿ 120ರ ಆಸುಪಾಸು. ರಸ್ತೆಯ ಲೆಕ್ಕದಲ್ಲಿ ಒಂದು ಗಂಟೆಗಿಂತ ಹೆಚ್ಚು ವ್ಯತ್ಯಾಸ ಇಲ್ಲ. ಆದ್ದರಿಂದ ಯಾವ ನಿಲ್ದಾಣದಿಂದ ನೀವು ಹೋಗಬೇಕಾದ ಊರಿಗೆ ನೇರ ವಿಮಾನ ಇದೆಯೋ ಅದನ್ನು ಹಿಡಿಯಿರಿ. ನೇರ ವಿಮಾನ ಉಳಿಸುವ ಎರಡೂವರೆ ಗಂಟೆ ಈ 55 ಕಿ.ಮೀ.ಗಿಂತ ದೊಡ್ಡದು. ರಾಯಚೂರಿನವರಿಗೆ ಮೆಹಬೂಬ್‌ನಗರದ ಮೇಲೆ ಶಂಷಾಬಾದ್ ಸುಮಾರು 190 ಕಿ.ಮೀ., ನಾಲ್ಕು ಗಂಟೆ. ನಿಲ್ದಾಣ ಹೈದರಾಬಾದಿನ ದಕ್ಷಿಣಕ್ಕಿರುವುದರಿಂದ ನಗರ ದಾಟುವ ಕಷ್ಟ ಇಲ್ಲ.

ಹೋಗಬೇಕಾದದ್ದು ಬೆಂಗಳೂರು ನಗರಕ್ಕೇ ಆದರೆ ಲೆಕ್ಕ ತಿರುಗುತ್ತದೆ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಇನ್ನೂ 35 ಕಿ.ಮೀ. ಇದೆ, ಒಟ್ಟು ಐದು ಗಂಟೆ ಹಿಡಿಯುತ್ತದೆ. ಬೆಳಗಿನ ಕೆಲಸಕ್ಕೆ ಹೋಗುವವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಹಗಲಿನ ಹೊತ್ತು ಉಳಿಯುತ್ತದೆ.

ಹಂತ 9: ಹೊರಡುವ ಹೊತ್ತನ್ನು ಹಿಂದಿನಿಂದ ಎಣಿಸಿ

ಶಂಷಾಬಾದಿನಿಂದ ಬೆಳಿಗ್ಗೆ 10ರ ದೇಶೀಯ ವಿಮಾನ ಎಂದುಕೊಳ್ಳಿ. ಗೇಟ್ ಸಾಮಾನ್ಯವಾಗಿ 25 ನಿಮಿಷ ಮೊದಲು ಮುಚ್ಚುತ್ತದೆ: 9:35. ಬ್ಯಾಗ್ ಕೊಡುವ ಕೌಂಟರ್ 60 ನಿಮಿಷ ಮೊದಲು: 9:00. ಸಾಲುಗಳಿಗೆ ಒಂದು ಗಂಟೆ ಬಿಟ್ಟು 8:00ಕ್ಕೆ ನಿಲ್ದಾಣದಲ್ಲಿರಬೇಕು. ರಸ್ತೆ ನಾಲ್ಕು ಗಂಟೆ, ಅಡಚಣೆಗೆ ಅರ್ಧ ಗಂಟೆ. ರಾಯಚೂರು ಬಿಡುವುದು ನಸುಕಿನ 3:30ಕ್ಕೆ. ವಿದೇಶಕ್ಕಾದರೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಿ.

ಅಡಚಣೆಯ ಅರ್ಧ ಗಂಟೆ ನಮ್ಮ ಕಡೆ ಬೇಕೇ ಬೇಕು. ಹೊಸಪೇಟೆ-ತೋರಣಗಲ್ಲು ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು, ಸಿಂಧನೂರು, ಗಂಗಾವತಿ ಕಡೆ ಭತ್ತದ ಕಟಾವಿನ ಹೊತ್ತಿನಲ್ಲಿ ರಸ್ತೆ ತುಂಬ ಬರುವ ಕಟಾವು ಯಂತ್ರಗಳು, ಹಂಪಿ ಉತ್ಸವದ ದಿನಗಳಲ್ಲಿ ಹೊಸಪೇಟೆಯ ಜನಜಂಗುಳಿ: ಇವನ್ನು ಮ್ಯಾಪ್ ಹಿಂದಿನ ರಾತ್ರಿ ತೋರಿಸುವುದಿಲ್ಲ.

ಎರಡು ವಿಮಾನ ಜೋಡಿಸುವಾಗ ಎರಡೂ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಇರುವಂತೆ ಟಿಕೆಟ್ ಮಾಡಿಸಿ. ಬೇರೆ ಬೇರೆ ಮಾಡಿಸಿದರೆ ಮೊದಲ ವಿಮಾನ ತಡವಾದಾಗ ಎರಡನೆಯವರು ಹೊಣೆ ಹೊರುವುದಿಲ್ಲ. ಬ್ಯಾಗನ್ನೂ ಇಳಿಸಿಕೊಂಡು ಹೊರಗೆ ಬಂದು ಮತ್ತೆ ಕೊಡಬೇಕಾಗುತ್ತದೆ. ಅಂಥ ಜೋಡಣೆಗೆ ಮೂರೂವರೆ ಗಂಟೆಗಿಂತ ಕಡಿಮೆ ಅಂತರ ಇಡಬೇಡಿ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್‌ಗಳಿವೆ. ಇಳಿಯುವುದು ಒಂದರಲ್ಲಿ, ಹತ್ತುವುದು ಇನ್ನೊಂದರಲ್ಲಿ ಆದರೆ ಇನ್ನೂ ಅರ್ಧ ಗಂಟೆ ಸೇರಿಸಿ. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮಂಜಿನಿಂದ ಬೆಳಗಿನ ವಿಮಾನಗಳು ತಡವಾಗಿ, ಅದೇ ವಿಮಾನ ದಿನವಿಡೀ ತಡವಾಗಿ ಓಡುತ್ತದೆ. ಆ ತಿಂಗಳುಗಳಲ್ಲಿ ದೆಹಲಿಗೆ ಮಧ್ಯಾಹ್ನದ ಹೊತ್ತಿಗೆ ಇಳಿಯುವ ವಿಮಾನ ಆರಿಸಿ.

ಕೊನೆಯದಾಗಿ ವೇಳಾಪಟ್ಟಿ. ವಿಮಾನಗಳ ಬೇಸಿಗೆ ವೇಳಾಪಟ್ಟಿ ಮಾರ್ಚ್‌ನ ಕೊನೆಯ ಭಾನುವಾರದಿಂದ, ಚಳಿಗಾಲದ್ದು ಅಕ್ಟೋಬರ್‌ನ ಕೊನೆಯ ಭಾನುವಾರದಿಂದ ಜಾರಿಗೆ ಬರುತ್ತದೆ. ವಿದ್ಯಾನಗರದಂಥ ಸಣ್ಣ ನಿಲ್ದಾಣಗಳಲ್ಲಿ ವಾರದ ದಿನ, ಹೊತ್ತು, ವಿಮಾನದ ಬಗೆ ಬದಲಾಗುವುದು ಹೆಚ್ಚಾಗಿ ಆಗಲೇ. ಈ ಎರಡು ಭಾನುವಾರಗಳ ಆಚೆಗೆ ಮೊದಲೇ ಟಿಕೆಟ್ ಮಾಡಿಸಿದ್ದರೆ ಪ್ರಯಾಣಕ್ಕೆ ವಾರ ಮೊದಲು ಒಮ್ಮೆ, ಹಿಂದಿನ ದಿನ ಮತ್ತೊಮ್ಮೆ ಸಮಯ ನೋಡಿ, ಹಂತ 9ರ ಎಣಿಕೆಯನ್ನು ಹೊಸದಾಗಿ ಮಾಡಿಕೊಳ್ಳಿ.